ಪ್ರಾಚೀನ ಈಜಿಪ್ಟಿನ ದೇವರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈಜಿಪ್ಟ್ ಅಂದ ಕೂಡಲೇ ಪಿರಮಿಡ್ಡು, ಮಮ್ಮಿ, ನರಿ ತಲೆಯ ದೇವರು ಕಣ್ಣ ಮುಂದೆ ಬರುತ್ತವೆ. ಹೆಚ್ಚಿನವರ ಪರಿಚಯ ಅಲ್ಲಿಗೇ ನಿಲ್ಲುತ್ತದೆ. ಸಿನಿಮಾಗಳಲ್ಲಂತೂ ಈ ದೇವರುಗಳನ್ನು ಭೂತಗಳ ಹಾಗೆ ತೋರಿಸುತ್ತಾರೆ. ನನಗೆ ಇದು ತುಂಬಾ ಬೇಜಾರಿನ ಸಂಗತಿ. ಮೂರು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಜನ ಇವರಿಗೆ ಕೈ ಮುಗಿದಿದ್ದಾರೆ. ಹೆರಿಗೆ ನೋವಿನಲ್ಲಿ ಇವರನ್ನು ಕರೆದಿದ್ದಾರೆ. ಕಣ್ಣು ಕಾಣದೆ ಹೋದಾಗ ಇವರ ಮುಂದೆ ತಪ್ಪೊಪ್ಪಿಕೊಂಡಿದ್ದಾರೆ. ಬಟ್ಟೆ ಕದ್ದವರು ಯಾರು ಅಂತ ಇವರನ್ನೇ ಕೇಳಿದ್ದಾರೆ. ಆ ಜನರ ಪಕ್ಕದಲ್ಲಿ ನಿಂತು ನೋಡಿದರೆ ದೇವರುಗಳ ಮುಖವೇ ಬೇರೆ. ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಅಲ್ಲಿಂದಲೇ ಉತ್ತರ ಹೇಳಲು ನೋಡಿದ್ದೇನೆ.

ಒಟ್ಟು ಎಷ್ಟು ದೇವರುಗಳಿದ್ದರು?

ಬರಹಗಳಲ್ಲಿ ಸಿಕ್ಕಿರುವ ಹೆಸರುಗಳೇ ಸಾವಿರ ದಾಟುತ್ತವೆ. ಆದರೆ ಇಷ್ಟೂ ದೇವರುಗಳನ್ನು ಯಾರೂ ಪೂಜಿಸುತ್ತಿರಲಿಲ್ಲ. ಊರ ದೇವರು ಒಂದು, ಮನೆಯೊಳಗೆ ಒಂದೆರಡು, ಕಸುಬಿಗೆ ಒಂದು, ಮೇಲೆ ಅರಸರ ದೊಡ್ಡ ದೇವರು. ಸಾಮಾನ್ಯ ಮನುಷ್ಯನಿಗೆ ಇಷ್ಟೇ ಲೋಕ. ಮೆಂಫಿಸ್ ಊರಿಗೆ ಪ್ತಾಹ್, ಥೀಬ್ಸ್‌ಗೆ ಅಮುನ್, ಎಲಿಫೆಂಟೈನ್ ದ್ವೀಪಕ್ಕೆ ಖ್ನುಮ್, ಫಯ್ಯೂಮ್‌ನ ಜೌಗು ನೆಲಕ್ಕೆ ಮೊಸಳೆ ದೇವರು ಸೊಬೆಕ್. ಪಕ್ಕದ ಊರಿಗೆ ಹೋದರೆ ಅಲ್ಲಿನ ದೇವರಿಗೂ ಕೈ ಮುಗಿಯುವುದು ರೂಢಿ. ಅವರ ಭಾಷೆಯಲ್ಲಿ ದೇವರಿಗೆ ನೆಚೆರ್ ಎನ್ನುತ್ತಿದ್ದರು. ಅದನ್ನು ಬರೆಯಲು ಬಟ್ಟೆ ಕಟ್ಟಿದ ಒಂದು ಕಂಬದ ಚಿತ್ರ ಬಿಡಿಸಿದರೆ ಸಾಕು. ದೇವಸ್ಥಾನಗಳ ಮುಂದೆ ಅಂಥ ಬಾವುಟದ ಕಂಬಗಳು ನಿಂತಿರುತ್ತಿದ್ದವು.

ದೇವರುಗಳಿಗೆ ಪ್ರಾಣಿಯ ತಲೆ ಯಾಕೆ? ಅವರು ಪ್ರಾಣಿಗಳನ್ನೇ ಪೂಜಿಸುತ್ತಿದ್ದರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿದಿರುವುದೂ ಇದನ್ನೇ.

ಹಥೋರ್ ದೇವಿಯನ್ನು ನೋಡಿ. ಒಂದು ಗೋಡೆಯಲ್ಲಿ ಅವಳು ಪೂರ್ತಿ ಹಸು. ಪಕ್ಕದ ಗೋಡೆಯಲ್ಲಿ ತಲೆ ಮೇಲೆ ಹಸುವಿನ ಕೊಂಬು ಇಟ್ಟುಕೊಂಡ ಚೆಲುವೆ. ಕಂಬದ ತುದಿಯಲ್ಲಿ ಹೆಂಗಸಿನ ಮುಖಕ್ಕೆ ಹಸುವಿನ ಕಿವಿ. ಒಂದೇ ದೇವಸ್ಥಾನದಲ್ಲಿ ಮೂರೂ ಇರಬಹುದು. ಹಾಗಾದರೆ ಅವಳ ನಿಜವಾದ ರೂಪ ಯಾವುದು? ಈಜಿಪ್ಟಿನವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ದೇವರ ನಿಜರೂಪ ಮನುಷ್ಯರಿಗೆ ಕಾಣುವುದಿಲ್ಲ ಎಂದು ಅವರ ನಂಬಿಕೆ. ಕೆತ್ತಿದ ರೂಪ ಆ ದೇವರ ಗುಣವನ್ನು ಓದಿಕೊಳ್ಳಲು ಇಟ್ಟ ಗುರುತು. ಅವರ ಲಿಪಿಯೇ ಚಿತ್ರಲಿಪಿ. ಅಕ್ಷರ ಬಿಡಿಸುವ ಕೈಯೇ ದೇವರನ್ನೂ ಬಿಡಿಸಿತು. ಹಾಗಾಗಿ ಆ ಮೂರ್ತಿಗಳನ್ನು ನೋಡಿದರೆ ಸಾಲದು, ಓದಬೇಕು.

ಅನೂಬಿಸ್‌ಗೆ ನರಿಯ ತಲೆ. ಮರಳುಗಾಡಿನ ಅಂಚಿನಲ್ಲಿ ಹೆಣಗಳನ್ನು ಹೂಳುತ್ತಿದ್ದರು. ಆಳ ಸಾಲದ ಗುಂಡಿಗಳನ್ನು ನರಿಗಳು ಕೆದಕುತ್ತಿದ್ದವು. ಯಾವುದರ ಭಯವೋ ಅದನ್ನೇ ಕಾವಲಿಗೆ ಕರೆದರು. ಅವನ ಬಣ್ಣ ಮಾತ್ರ ಕಪ್ಪು. ಅಲ್ಲಿನ ನರಿಗಳು ಕಪ್ಪಲ್ಲ. ಆ ಕಪ್ಪು ಮಮ್ಮಿಗೆ ಬಳಿಯುತ್ತಿದ್ದ ರಾಳದ್ದು, ನೈಲ್ ನದಿ ಪ್ರತಿ ವರ್ಷ ತಂದು ಹರಡುತ್ತಿದ್ದ ಮೆಕ್ಕಲು ಮಣ್ಣಿನದ್ದು. ಆ ಮಣ್ಣಿನಲ್ಲಿ ಬೆಳೆ ಮತ್ತೆ ಚಿಗುರುತ್ತದೆ ಅಲ್ವಾ? ಸತ್ತವರೂ ಹಾಗೇ ಏಳಲಿ ಎಂಬ ಆಸೆ ಆ ಬಣ್ಣದಲ್ಲಿದೆ. ತಮ್ಮ ದೇಶವನ್ನೇ ಅವರು ಕೆಮೆತ್, ಅಂದರೆ ಕರಿನೆಲ ಎನ್ನುತ್ತಿದ್ದರು.

ಬೆಳಗಿನ ಸೂರ್ಯ ಖೆಪ್ರಿ. ಅವನಿಗೆ ಸಗಣಿ ಹುಳುವಿನ ರೂಪ. ಆ ಹುಳು ಸಗಣಿ ಉಂಡೆಯನ್ನು ಉರುಳಿಸಿಕೊಂಡು ಹೋಗುತ್ತದೆ, ಆಮೇಲೆ ಉಂಡೆಯೊಳಗಿಂದ ಮರಿ ಹುಳು ಹೊರಗೆ ಬರುತ್ತದೆ. ಆಕಾಶದಲ್ಲಿ ಸೂರ್ಯನ ಉಂಡೆ ಉರುಳುವುದನ್ನೂ ಅದು ದಿನಾ ಹೊಸದಾಗಿ ಹುಟ್ಟುವುದನ್ನೂ ಅವರು ಆ ಪುಟ್ಟ ಹುಳುವಿನಲ್ಲಿ ಕಂಡರು.

ಗುರುತನ್ನು ಓದಲು ಬಾರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಐಸಿಸ್ ದೇವಿಯ ಮಗ ಬಾಲ ಹೋರಸ್‌ನನ್ನು ಬಾಯಿಗೆ ಬೆರಳಿಟ್ಟ ಮಗುವಾಗಿ ಕೆತ್ತುತ್ತಿದ್ದರು. ಈಜಿಪ್ಟಿನ ಲಿಪಿಯಲ್ಲಿ ಬಾಯಿಗೆ ಬೆರಳು ಅಂದರೆ ಮಗು, ಅಷ್ಟೇ. ಗ್ರೀಕರು ನೋಡಿ ಇವನು ‘ಸುಮ್ಮನಿರು’ ಎನ್ನುತ್ತಿದ್ದಾನೆ ಅಂದುಕೊಂಡರು. ಹಾರ್ಪೊಕ್ರೆಟಿಸ್ ಎಂದು ಕರೆದು ಅವನನ್ನು ಮೌನದ ದೇವರು ಮಾಡಿಬಿಟ್ಟರು.

ನಾವು ಹೇಳುವ ಹೆಸರುಗಳು ಅವರ ನಿಜವಾದ ಹೆಸರುಗಳೇ?

ಹೆಚ್ಚಿನವು ಗ್ರೀಕರ ಬಾಯಲ್ಲಿ ತಿರುಗಿದ ಹೆಸರುಗಳು. ಒಸಿರಿಸ್ ಅವರಿಗೆ ಉಸಿರ್ ಅಥವಾ ಅದಕ್ಕೆ ಹತ್ತಿರದ್ದು. ಐಸಿಸ್ ಅಂದರೆ ಅಸೆತ್, ಹೋರಸ್ ಅಂದರೆ ಹೆರು, ಅನೂಬಿಸ್ ಅಂದರೆ ಇನ್ಪು, ಥೋತ್ ಅಂದರೆ ಜೆಹುತಿ. ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ, ವ್ಯಂಜನ ಮಾತ್ರ. ಅದಕ್ಕೇ ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುವುದು. ಇಲ್ಲಿ ನಾನು ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

ಲೋಕ ಹೇಗೆ ಹುಟ್ಟಿತು ಅಂತ ಅವರು ನಂಬಿದ್ದರು?

ಒಂದೇ ಕಥೆ ಇಲ್ಲ. ಹೀಲಿಯೊಪೊಲಿಸ್ ಊರಿನವರ ಪ್ರಕಾರ ಮೊದಲು ಇದ್ದದ್ದು ನುನ್ ಎಂಬ ಕತ್ತಲ ನೀರು. ಅದರಲ್ಲಿ ಒಂದು ದಿಬ್ಬ ಎದ್ದಿತು. ದಿಬ್ಬದ ಮೇಲೆ ಆತುಮ್ ತನಗೆ ತಾನೇ ಹುಟ್ಟಿದ. ಅವನಿಂದ ಗಾಳಿಯ ದೇವರು ಶು ಮತ್ತು ತೇವದ ದೇವಿ ತೆಫ್ನುತ್ ಬಂದರು. ಅವರ ಮಕ್ಕಳು ನೆಲದ ದೇವರು ಗೆಬ್ ಮತ್ತು ಆಕಾಶದ ದೇವಿ ನುತ್. ಇಲ್ಲಿ ನೆಲ ಗಂಡು, ಆಕಾಶ ಹೆಣ್ಣು. ನುತ್ ಬಿಲ್ಲಿನ ಹಾಗೆ ಬಾಗಿ ಇಡೀ ಲೋಕದ ಮೇಲೆ ಚಾಚಿಕೊಂಡಿದ್ದಾಳೆ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಬೆಳಿಗ್ಗೆ ಹೆರುತ್ತಾಳೆ.

ಮೆಂಫಿಸ್‌ನವರ ಪ್ರಕಾರ ಪ್ತಾಹ್ ಎದೆಯಲ್ಲಿ ನೆನೆದ, ನಾಲಿಗೆಯಲ್ಲಿ ನುಡಿದ, ಎಲ್ಲವೂ ಆಯಿತು. ಎಲಿಫೆಂಟೈನ್‌ನವರ ಪ್ರಕಾರ ಟಗರು ತಲೆಯ ಖ್ನುಮ್ ಕುಂಬಾರನ ತಿಗರಿಯ ಮೇಲೆ ಮನುಷ್ಯರನ್ನು ಮಣ್ಣಿನಿಂದ ಮಾಡಿದ. ಒಂದು ಕಥೆ ನಿಜವಾದರೆ ಇನ್ನೊಂದು ಸುಳ್ಳು ಅಂತ ಅವರು ಜಗಳಕ್ಕೆ ಕೂರಲಿಲ್ಲ. ಪ್ರತಿ ವರ್ಷ ನೈಲ್ ಉಕ್ಕಿ, ಹೊಲ ಮುಳುಗಿ, ನೀರು ಇಳಿದಾಗ ಮೊದಲು ಕಾಣುವುದು ಒಂದು ದಿಬ್ಬ. ಲೋಕ ಹುಟ್ಟಿದ್ದನ್ನು ಆ ರೈತ ವರ್ಷ ವರ್ಷ ಕಣ್ಣಾರೆ ನೋಡುತ್ತಿದ್ದ.

ಒಸಿರಿಸ್ ಮತ್ತು ಐಸಿಸ್ ಕಥೆ ಏನು?

ಗೆಬ್ ಮತ್ತು ನುತ್ ದಂಪತಿಗೆ ನಾಲ್ಕು ಮಕ್ಕಳು: ಒಸಿರಿಸ್, ಐಸಿಸ್, ಸೇತ್, ನೆಫ್ತಿಸ್. ಒಸಿರಿಸ್ ಒಳ್ಳೆಯ ಅರಸ, ತಂಗಿ ಐಸಿಸ್ ಅವನ ಹೆಂಡತಿಯೂ ಹೌದು. ತಮ್ಮ ಸೇತ್ ಅವನನ್ನು ಕೊಂದ. ಹೆಣವನ್ನು ತುಂಡು ಮಾಡಿ ದೇಶದ ತುಂಬ ಎಸೆದ. ಐಸಿಸ್ ತಂಗಿ ನೆಫ್ತಿಸ್‌ಳನ್ನು ಕರೆದುಕೊಂಡು ಊರೂರು ಅಲೆದಳು. ಗಂಡನ ತುಂಡುಗಳನ್ನು ಒಂದೊಂದೇ ಹುಡುಕಿದಳು. ಅನೂಬಿಸ್ ಅವುಗಳನ್ನು ಜೋಡಿಸಿ ಬಟ್ಟೆ ಸುತ್ತಿದ. ಅದೇ ಮೊದಲ ಮಮ್ಮಿ. ಐಸಿಸ್ ಹಕ್ಕಿಯಾಗಿ ರೆಕ್ಕೆ ಬೀಸಿ ಅವನಿಗೆ ಉಸಿರು ಕೊಟ್ಟಳು. ಅವಳ ಹೊಟ್ಟೆಯಲ್ಲಿ ಹೋರಸ್ ಮೂಡಿದ. ಒಸಿರಿಸ್ ಈ ಲೋಕಕ್ಕೆ ಮರಳಲಿಲ್ಲ. ಸತ್ತವರ ಲೋಕದ ಅರಸನಾದ.

ಆಮೇಲಿನ ಭಾಗ ನನಗೆ ತುಂಬ ಇಷ್ಟ. ಐಸಿಸ್ ನದಿಮುಖದ ಜೊಂಡಿನ ಪೊದೆಯಲ್ಲಿ ಮಗುವನ್ನು ಬಚ್ಚಿಟ್ಟು ಸಾಕುತ್ತಾಳೆ. ಹಗಲು ಅನ್ನ ಹುಡುಕಿಕೊಂಡು ಹೋಗುತ್ತಾಳೆ. ವಾಪಸ್ ಬಂದರೆ ಮಗು ವಿಷ ಏರಿ ಬಿದ್ದಿರುತ್ತದೆ. ಅವಳ ಗೋಳು ಕೇಳಿ ಸೂರ್ಯನ ದೋಣಿಯೇ ಆಕಾಶದಲ್ಲಿ ನಿಂತುಬಿಡುತ್ತದೆ. ಬರಹದ, ಜ್ಞಾನದ ದೇವರು ಥೋತ್ ಇಳಿದು ಬಂದು ಮಗುವನ್ನು ಉಳಿಸುತ್ತಾನೆ. ಈ ಕಥೆಯನ್ನೂ ಮಂತ್ರವನ್ನೂ ಕಲ್ಲಿನ ಮೇಲೆ ಕೆತ್ತುತ್ತಿದ್ದರು. ಚೇಳೋ ಹಾವೋ ಕಚ್ಚಿದಾಗ ಆ ಕಲ್ಲಿನ ಮೇಲೆ ನೀರು ಸುರಿದು, ಅದೇ ನೀರನ್ನು ಹಿಡಿದು ಕುಡಿಸುತ್ತಿದ್ದರು. ಆ ಕಲ್ಲುಗಳು ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಅವುಗಳ ಮುಂದೆ ನಿಂತಾಗ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ನೀರು ಕುಡಿಸುವ ಒಬ್ಬ ತಾಯಿಯನ್ನು ನೆನೆಯಬೇಕು.

ದೊಡ್ಡವನಾದ ಹೋರಸ್ ಅಪ್ಪನ ಗಾದಿ ಕೇಳಿದ. ದೇವರುಗಳ ಪಂಚಾಯಿತಿ 80 ವರ್ಷ ನಡೆಯಿತಂತೆ. ಐದನೇ ರಾಮ್ಸೆಸ್ ಕಾಲದ ಒಂದು ಪಪೈರಸ್‌ನಲ್ಲಿ, ಅಂದರೆ ಜೊಂಡಿನಿಂದ ಮಾಡಿದ ಹಾಳೆಯ ಸುರುಳಿಯಲ್ಲಿ, ಇಡೀ ವ್ಯಾಜ್ಯ ಇದೆ. ಕಲ್ಲಿನ ದೋಣಿಯಲ್ಲಿ ಪಂದ್ಯ ಕಟ್ಟೋಣ ಎಂದ ಸೇತ್. ಹೋರಸ್ ಮರದ ದೋಣಿ ಮಾಡಿ ಮೇಲೆ ಗಾರೆ ಬಳಿದ. ಸೇತ್ ಬೆಟ್ಟದ ತುದಿ ಕಡಿದು ನಿಜವಾದ ಕಲ್ಲಿನ ದೋಣಿಯನ್ನೇ ಮಾಡಿದ. ಅದು ಮುಳುಗಿತು. ಕೊನೆಗೆ ಗಾದಿ ಹೋರಸ್‌ನ ಪಾಲಾಯಿತು.

ಹಾಗಾದರೆ ಸೇತ್ ರಾಕ್ಷಸನಾ?

ಇಲ್ಲ. ಅಣ್ಣನನ್ನು ಕೊಂದವನು ಅವನೇ, ನಿಜ. ಬಿರುಗಾಳಿ, ಮರಳುಗಾಡು, ಗದ್ದಲ ಎಲ್ಲ ಅವನದ್ದೇ. ಆದರೆ ಪ್ರತಿ ರಾತ್ರಿ ಸೂರ್ಯ ದೇವರು ರಾ ದೋಣಿಯಲ್ಲಿ ಪಾತಾಳ ದಾಟುವಾಗ ಆಪೆಪ್ ಎಂಬ ಮಹಾಸರ್ಪ ನುಂಗಲು ಬರುತ್ತದೆ. ಆಗ ದೋಣಿಯ ಮೂತಿಯಲ್ಲಿ ಈಟಿ ಹಿಡಿದು ನಿಲ್ಲುವವನು ಸೇತ್. ಅಷ್ಟು ಬಲ ಬೇರೆ ಯಾರಿಗೂ ಇಲ್ಲ. ಅವನ ಹೆಸರನ್ನು ಅರಸರೇ ಇಟ್ಟುಕೊಂಡಿದ್ದಾರೆ. ಸೇತಿ ಅಂದರೆ ಸೇತ್‌ನವನು. ಪೂರ್ತಿ ಕೆಟ್ಟವನು ಎಂಬ ಹೆಸರು ಅವನಿಗೆ ಅಂಟಿದ್ದು ಬಹಳ ತಡವಾಗಿ, ಪರದೇಶದವರು ಈಜಿಪ್ಟನ್ನು ಆಳಿದ ಕಾಲದಲ್ಲಿ. ಅವನು ಪರದೇಶಗಳ ದೇವರೂ ಆಗಿದ್ದ, ಆ ಸಿಟ್ಟು ಅವನ ಮೇಲೆ ತಿರುಗಿತು. ಅವನ ತಲೆ ಯಾವ ಪ್ರಾಣಿಯದು ಎಂದು ಇವತ್ತಿಗೂ ಯಾರೂ ಗುರುತು ಹಿಡಿದಿಲ್ಲ. ಬಾಗಿದ ಮೂತಿ, ತುದಿ ಕತ್ತರಿಸಿದಂಥ ಕಿವಿ, ಸೆಟೆದ ಬಾಲ.

ಅಮುನ್, ರಾ, ಅಮುನ್-ರಾ: ಒಬ್ಬರಾ, ಇಬ್ಬರಾ?

ಎರಡೂ ಹೌದು. ಅಮುನ್ ಅಂದರೆ ಮರೆಯಾಗಿರುವವನು. ರಾ ಅಂದರೆ ಸೂರ್ಯ, ಎಲ್ಲರ ಕಣ್ಣಿಗೂ ಬೀಳುವವನು. ಥೀಬ್ಸ್‌ನ ಅರಸರು ದೇಶ ಗೆದ್ದಾಗ ಅವರ ಊರ ದೇವರು ಅಮುನ್ ದೊಡ್ಡವನಾದ, ರಾ ಜೊತೆ ಸೇರಿ ಅಮುನ್-ರಾ ಆದ. ಹೀಗೆ ಸೇರಿದ ಮೇಲೂ ಇಬ್ಬರಿಗೂ ಬೇರೆ ಬೇರೆ ಪೂಜೆ ನಡೆಯುತ್ತಲೇ ಇತ್ತು. ಕಾಣುವುದೂ ಕಾಣದಿರುವುದೂ ಒಂದೇ ಹೆಸರಲ್ಲಿ ಕೂತಿದೆ. ನನಗಂತೂ ಇದು ರಾಜಕೀಯಕ್ಕಿಂತ ದೊಡ್ಡ ಯೋಚನೆ ಅನಿಸುತ್ತದೆ.

ಐಸಿಸ್ ದೇವಿಗೂ ಅದೇ ಹೆಸರಿನ ಉಗ್ರ ಸಂಘಟನೆಗೂ ಏನಾದರೂ ಸಂಬಂಧ ಇದೆಯಾ?

ಏನೂ ಇಲ್ಲ. ಸಂಘಟನೆಯದ್ದು ಇಂಗ್ಲಿಷ್ ಮೊದಲಕ್ಷರಗಳ ಜೋಡಣೆ, ಅಷ್ಟೇ.

ಸೆಖ್ಮೆತ್ ದೇವಿ ಯಾಕೆ ಅಷ್ಟು ಉಗ್ರ?

ಅದಕ್ಕೊಂದು ಕಥೆ ಇದೆ. ರಾ ಮುದುಕನಾಗಿದ್ದಾನೆ. ಮನುಷ್ಯರು ಅವನ ವಿರುದ್ಧ ಸಂಚು ಮಾಡುತ್ತಾರೆ. ಅವನು ತನ್ನ ಕಣ್ಣನ್ನೇ ದೇವಿಯಾಗಿ ಕಳಿಸುತ್ತಾನೆ. ಹೊರಡುವಾಗ ಹಥೋರ್, ಕೊಲ್ಲಲು ಶುರು ಮಾಡಿದ ಮೇಲೆ ಸಿಂಹಿಣಿ ಸೆಖ್ಮೆತ್. ರಕ್ತದ ರುಚಿ ಹತ್ತಿ ನಿಲ್ಲಿಸುವುದೇ ಇಲ್ಲ. ರಾ ಹೆದರುತ್ತಾನೆ, ಮನುಷ್ಯರೇ ಉಳಿಯುವುದಿಲ್ಲವಲ್ಲ ಎಂದು. ರಾತ್ರೋರಾತ್ರಿ 7,000 ಮಡಕೆ ಬಿಯರ್ ಮಾಡಿಸಿ, ಕೆಮ್ಮಣ್ಣು ಬೆರೆಸಿ ಹೊಲಗಳ ಮೇಲೆ ಸುರಿಸುತ್ತಾನೆ. ಬೆಳಿಗ್ಗೆ ಬಂದ ದೇವಿ ರಕ್ತ ಎಂದುಕೊಂಡು ಕುಡಿದು, ಅಮಲೇರಿ, ಬಂದ ಕೆಲಸ ಮರೆತು ಹಿಂತಿರುಗುತ್ತಾಳೆ.

ರೋಗ ತರುವವಳು ಅವಳೇ. ಅದಕ್ಕೇ ರೋಗ ವಾಸಿ ಮಾಡುವವಳೂ ಅವಳೇ. ಅವಳ ಪೂಜಾರಿಗಳಲ್ಲಿ ಬಹಳ ಜನ ವೈದ್ಯರು. ಮೂರನೇ ಅಮೆನ್‌ಹೊತೆಪ್ ಎಂಬ ಅರಸ ಕರಿಕಲ್ಲಿನಲ್ಲಿ ಅವಳ ನೂರಾರು ಮೂರ್ತಿಗಳನ್ನು ಮಾಡಿಸಿದ. ಎಷ್ಟೋ ಮೂರ್ತಿಗಳು ಈಗ ಲೋಕದ ಬೇರೆ ಬೇರೆ ಮ್ಯೂಸಿಯಂಗಳಲ್ಲಿ ಹಂಚಿಹೋಗಿವೆ.

ಸತ್ತ ಮೇಲೆ ಹೃದಯ ತೂಗುತ್ತಾರಂತೆ, ನಿಜವಾ?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆನಿ ಎಂಬ ಲೆಕ್ಕಿಗನ ಪಪೈರಸ್ ಇದೆ. ಕ್ರಿ.ಪೂ. 1250ರ ಸುಮಾರಿನದು. ಅದರಲ್ಲಿ ಈ ದೃಶ್ಯವನ್ನು ಬಹಳ ಚೆನ್ನಾಗಿ ಬಿಡಿಸಿದ್ದಾರೆ. ಎಡಗಡೆ ಆನಿ ಮತ್ತು ಅವನ ಹೆಂಡತಿ ತುತು ಬೆನ್ನು ಬಾಗಿಸಿ ಒಳಗೆ ಬರುತ್ತಿದ್ದಾರೆ. ನಡುವೆ ತಕ್ಕಡಿ. ಒಂದು ತಟ್ಟೆಯಲ್ಲಿ ಆನಿಯ ಗುಂಡಿಗೆ. ಇನ್ನೊಂದರಲ್ಲಿ ಒಂದು ಗರಿ. ಅದು ಮಾಅತ್ ದೇವಿಯ ಗರಿ. ಸತ್ಯ, ನ್ಯಾಯ, ಎಲ್ಲವೂ ತನ್ನ ತನ್ನ ಜಾಗದಲ್ಲಿ ಸರಿಯಾಗಿರುವುದು, ಇವೆಲ್ಲ ಸೇರಿ ಮಾಅತ್. ಅನೂಬಿಸ್ ಮಂಡಿಯೂರಿ ತಕ್ಕಡಿಯ ಗುಂಡನ್ನು ನೋಡುತ್ತಿದ್ದಾನೆ. ಥೋತ್ ಲೇಖನಿ ಹಿಡಿದು ನಿಂತಿದ್ದಾನೆ. ಅವನ ಹಿಂದೆ ಅಮ್ಮಿತ್. ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗ. ಗುಂಡಿಗೆ ತಕ್ಕಡಿಯಲ್ಲಿ ಸರಿತೂಗದಿದ್ದರೆ ಅದನ್ನು ನುಂಗಲು ಕಾದು ಕೂತಿದೆ. ನುಂಗಿದರೆ ಮುಗಿಯಿತು, ಆ ಮನುಷ್ಯ ಇನ್ನಿಲ್ಲ. ಅವರಿಗೆ ನರಕಕ್ಕಿಂತ ಇಲ್ಲವಾಗುವುದೇ ದೊಡ್ಡ ಭಯ.

ಜೊತೆಗೆ 42 ದೇವರುಗಳ ಮುಂದೆ ಒಂದೊಂದೇ ತಪ್ಪಿನ ಹೆಸರು ಹೇಳಿ, ಮಾಡಿಲ್ಲ ಎನ್ನಬೇಕು. ಕದ್ದಿಲ್ಲ, ಕೊಂದಿಲ್ಲ ಅನ್ನುವುದು ಎಲ್ಲ ಕಡೆ ಇರುವಂಥದ್ದೇ. ಅದೇ ಮಂತ್ರದ ಈ ಮಾತುಗಳನ್ನು ನೋಡಿ. ಯಾರನ್ನೂ ಅಳಿಸಿಲ್ಲ. ಮಗುವಿನ ಬಾಯಿಂದ ಹಾಲು ಕಿತ್ತಿಲ್ಲ. ತಕ್ಕಡಿಯ ಬಟ್ಟು ಹೆಚ್ಚಿಸಿಲ್ಲ. ಹರಿಯುವ ನೀರಿಗೆ ಅಡ್ಡ ಕಟ್ಟಿಲ್ಲ. ಕಾಲುವೆ ನೀರಿನಿಂದ ಬದುಕುವ ಊರಿನ ಧರ್ಮ ಇದು.

ಒಂದು ಆತಂಕವೂ ಇತ್ತು. ನಮ್ಮ ಗುಂಡಿಗೆಯೇ ನಮ್ಮ ವಿರುದ್ಧ ಸಾಕ್ಷಿ ಹೇಳಿಬಿಟ್ಟರೆ? ಅದಕ್ಕೇ ಹಸಿರು ಕಲ್ಲಿನ ಒಂದು ಹುಳುವಿನ ಮೇಲೆ ‘ನನ್ನ ತಾಯಿಯಿಂದ ಬಂದ ಗುಂಡಿಗೆಯೇ, ನನ್ನ ವಿರುದ್ಧ ಸಾಕ್ಷಿ ನಿಲ್ಲಬೇಡ’ ಎಂದು ಕೆತ್ತಿ, ಸತ್ತವರ ಎದೆಯ ಮೇಲೆ ಇಡುತ್ತಿದ್ದರು.

ದೇವಸ್ಥಾನದೊಳಗೆ ಏನು ನಡೆಯುತ್ತಿತ್ತು? ಜನ ಒಳಗೆ ಹೋಗಬಹುದಿತ್ತಾ?

ಗರ್ಭಗುಡಿಗೆ ಜನ ಹೋಗುವಂತಿರಲಿಲ್ಲ. ಹಬ್ಬದ ದಿನ ಹೊರ ಪ್ರಾಕಾರದವರೆಗೆ ಬಿಡುತ್ತಿದ್ದರು. ಒಳಗಿನ ದಿನಚರಿ ಅಬೈದೋಸ್ ಊರಿನಲ್ಲಿ ಸೇತಿ ಅರಸ ಕಟ್ಟಿಸಿದ ದೇವಸ್ಥಾನದ ಗೋಡೆಗಳಲ್ಲಿ ಕೆತ್ತಿದೆ. ಪೂಜಾರಿ ತಲೆ, ಮೈ ಬೋಳಿಸಿಕೊಂಡು, ಮಿಂದು, ನಾರುಬಟ್ಟೆ ಉಟ್ಟು ಬೆಳಗಿನ ಹೊತ್ತಿಗೆ ಬರುತ್ತಾನೆ. ಬಾಗಿಲಿನ ಮಣ್ಣಿನ ಮುದ್ರೆ ಒಡೆಯುತ್ತಾನೆ. ಅಗುಳಿ ಎಳೆಯುತ್ತಾನೆ. ದೇವರಿಗೆ ಅಡ್ಡ ಬೀಳುತ್ತಾನೆ. ಧೂಪ ಹಾಕಿ, ಮೂರ್ತಿ ಒರೆಸಿ, ಹೊಸ ಬಟ್ಟೆ ಉಡಿಸಿ, ಎಣ್ಣೆ ಹಚ್ಚಿ, ಊಟ ಇಡುತ್ತಾನೆ. ರೊಟ್ಟಿ, ಬಿಯರ್, ಬಾತುಕೋಳಿ, ಈರುಳ್ಳಿ, ಹೂವು. ಆಮೇಲೆ ಹಿಂದೆ ಹಿಂದೆ ಸರಿಯುತ್ತಾ, ತನ್ನ ಹೆಜ್ಜೆ ಗುರುತನ್ನು ಪೊರಕೆಯಿಂದ ಗುಡಿಸುತ್ತಾ ಹೊರಗೆ ಬಂದು ಮತ್ತೆ ಮುದ್ರೆ ಹಾಕುತ್ತಾನೆ. ದೇವರ ಮುಂದೆ ಇಟ್ಟ ಊಟ ಹಾಳಾಗುತ್ತಿರಲಿಲ್ಲ. ಕೆಳಗಿನ ದೇವರುಗಳಿಗೆ ತೋರಿಸಿ, ಆಮೇಲೆ ಪೂಜಾರಿಗಳು, ಕೆಲಸದವರು ಹಂಚಿಕೊಂಡು ಉಣ್ಣುತ್ತಿದ್ದರು. ನೈವೇದ್ಯ, ಪ್ರಸಾದ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಡವರು, ಕೂಲಿಯವರು ದೇವರನ್ನು ಕಾಣುವುದು ಎಲ್ಲಿ?

ನನ್ನ ಮಟ್ಟಿಗೆ ಈಜಿಪ್ಟಿನ ಧರ್ಮ ಇಲ್ಲೇ ಇದೆ, ದೊಡ್ಡ ಕಂಬಗಳ ನಡುವೆ ಅಲ್ಲ.

ಮೊದಲು ಮನೆ. ಬೆಸ್ ಎಂಬ ಕುಳ್ಳ ದೇವರು. ಸೊಟ್ಟ ಕಾಲು, ಸಿಂಹದ ಕೇಸರ, ಚಾಚಿದ ನಾಲಿಗೆ. ಈಜಿಪ್ಟಿನ ಚಿತ್ರಗಳಲ್ಲಿ ಹೆಚ್ಚಿನವರು ಪಕ್ಕಕ್ಕೆ ತಿರುಗಿದ್ದರೆ ಬೆಸ್ ನೇರ ನಮ್ಮ ಕಣ್ಣನ್ನೇ ನೋಡುತ್ತಾನೆ. ಕೆಟ್ಟದ್ದನ್ನು ಹೆದರಿಸಿ ಓಡಿಸುವುದು ಅವನ ಕೆಲಸ. ಅವನ ಜೊತೆ ತಾವೆರೆತ್. ತುಂಬು ಬಸುರಿಯ ಹೊಟ್ಟೆ, ನೀರಾನೆಯ ತಲೆ, ಸಿಂಹದ ಪಂಜ, ಮೊಸಳೆಯ ಬೆನ್ನು. ಹೆಂಗಸರು ಇಟ್ಟಿಗೆಗಳ ಮೇಲೆ ಕುಕ್ಕುರುಗಾಲಲ್ಲಿ ಕೂತು ಹೆರುತ್ತಿದ್ದರು. ಅಂಥ ಒಂದು ಹೆರಿಗೆ ಇಟ್ಟಿಗೆ 2001ರಲ್ಲಿ ಅಬೈದೋಸ್ ಬಳಿ ಸಿಕ್ಕಿತು. ಅದರ ಮೇಲೆ ಈಗ ತಾನೇ ಹುಟ್ಟಿದ ಗಂಡುಮಗುವನ್ನು ಎತ್ತಿಕೊಂಡ ತಾಯಿ, ಅಕ್ಕಪಕ್ಕದಲ್ಲಿ ಹಥೋರ್ ದೇವಿಯ ಗುರುತು. ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು.

ಇನ್ನು ಹರಕೆ, ತಪ್ಪುಕಾಣಿಕೆ. ಹಳೇ ಥೀಬ್ಸ್, ಅಂದರೆ ಈಗಿನ ಲಕ್ಸರ್‌ನ ಎದುರು ದಡದಲ್ಲಿ ದೇರ್ ಎಲ್-ಮದೀನಾ ಎಂಬ ಹಳ್ಳಿ ಇತ್ತು. ಅರಸರ ಗೋರಿ ಕೊರೆಯುವ ಕೆಲಸಗಾರರ ಊರು. ಅಲ್ಲಿನ ನೆಫೆರಾಬು ಎಂಬವನು ಒಂದು ಕಲ್ಲು ನೆಡಿಸಿದ. ‘ಸತ್ಯದ ಒಡೆಯ ಪ್ತಾಹ್ ಮೇಲೆ ಸುಳ್ಳು ಆಣೆ ಇಟ್ಟವನು ನಾನು. ಅವನು ನನಗೆ ಹಗಲಲ್ಲೇ ಕತ್ತಲು ತೋರಿಸಿದ’ ಎಂದು ಬರೆಸಿದ್ದಾನೆ. ಬೀದಿ ನಾಯಿಯ ಹಾಗಾದೆ ಎನ್ನುತ್ತಾನೆ. ಕರುಣೆಯಿಂದ ನನ್ನ ಕಡೆ ನೋಡು ಎಂದು ಬೇಡುತ್ತಾನೆ. ಅವನದ್ದೇ ಇನ್ನೊಂದು ಕಲ್ಲು ಇಟಲಿಯ ಟ್ಯೂರಿನ್‌ನಲ್ಲಿದೆ. ಅದು ಊರ ಮೇಲಿನ ಬೆಟ್ಟದ ದೇವಿ ಮೆರೆತ್ಸೆಗೆರ್‌ಗೆ. ಆ ಹೆಸರಿನ ಅರ್ಥ ‘ಮೌನ ಪ್ರೀತಿಸುವವಳು’. ಅವಳಿಗೆ ನಾಗರದ ರೂಪ. ಅವಳಿಗೆ ತಪ್ಪು ಮಾಡಿದೆ, ಹೆರುವ ಹೆಂಗಸಿನ ಹಾಗೆ ಇಟ್ಟಿಗೆ ಮೇಲೆ ಕೂತು ಉಸಿರಿಗೆ ಒದ್ದಾಡಿದೆ, ಕೂಗಿಕೊಂಡೆ, ಕೊನೆಗೆ ಅವಳು ತಂಗಾಳಿಯಾಗಿ ಬಂದಳು ಎನ್ನುತ್ತಾನೆ. ಮೂರು ಸಾವಿರ ವರ್ಷದ ಹಿಂದಿನ ಒಬ್ಬ ಕೆಲಸಗಾರನ ಎದೆ ಬಡಿತ ಇಷ್ಟು ಹತ್ತಿರದಿಂದ ಕೇಳಿಸುವುದು ಬಹಳ ಅಪರೂಪ.

ದೇವರಿಗೆ ಕೇಳಿಸಲಿ ಎಂದು ಕಲ್ಲಿನ ತುಂಬ ಕಿವಿಗಳನ್ನೇ ಕೆತ್ತಿಸಿದವರೂ ಇದ್ದಾರೆ. ಕೆಲವು ಕಲ್ಲುಗಳಲ್ಲಿ ಸಾಲು ಸಾಲು ಕಿವಿ.

ಹಬ್ಬದ ದಿನ ದೇವರು ದೋಣಿಯಾಕಾರದ ಪಲ್ಲಕ್ಕಿಯಲ್ಲಿ ಬೀದಿಗೆ ಬರುತ್ತಿದ್ದ. ಆಗ ಯಾರು ಬೇಕಾದರೂ ಎದುರು ನಿಂತು ಕೇಳಬಹುದು. ಪಲ್ಲಕ್ಕಿ ಮುಂದೆ ಬಾಗಿದರೆ ಹೌದು, ಹಿಂದೆ ಸರಿದರೆ ಇಲ್ಲ. ಒಂದು ಪಪೈರಸ್‌ನಲ್ಲಿ ಹೀಗಿದೆ. ಉಗ್ರಾಣದ ಕಾವಲುಗಾರ ಮಧ್ಯಾಹ್ನ ನಿದ್ದೆ ಹೋದ. ಐದು ಬಣ್ಣದ ಅಂಗಿಗಳು ಕಳುವಾದವು. ಅವನು ತನ್ನ ಕೇರಿಯ ಅಮುನ್ ಮುಂದೆ ಊರವರ ಹೆಸರು ಒಂದೊಂದೇ ಓದಿಸಿದ. ಒಬ್ಬ ರೈತನ ಹೆಸರಿಗೆ ದೇವರು ತಲೆಯಾಡಿಸಿದ. ನಾನು ಕದ್ದಿಲ್ಲ ಎಂದ ರೈತ. ಅವನು ತನ್ನ ಕೇರಿಯ ಅಮುನ್ ಹತ್ತಿರ ಹೋದ. ಅಲ್ಲಿಯೂ ಅದೇ ಉತ್ತರ. ಮೂರನೆಯ ಅಮುನ್ ಬಳಿಯೂ ಹೋದ. ಕೊನೆಗೆ ಒಪ್ಪಿಕೊಂಡ.

ಬೆಕ್ಕುಗಳನ್ನು ನಿಜವಾಗಿ ಪೂಜಿಸುತ್ತಿದ್ದರಾ?

ಬೆಕ್ಕು ಬಾಸ್ತೆತ್ ದೇವಿಗೆ ಪ್ರಿಯ. ಬುಬಾಸ್ತಿಸ್ ಅವಳ ಊರು. ಮನೆಯ ಬೆಕ್ಕು ಸತ್ತರೆ ಮನೆಮಂದಿ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಎಂದು ಗ್ರೀಕ್ ಪ್ರವಾಸಿ ಹೆರೊಡೋಟಸ್ ಬರೆದಿದ್ದಾನೆ. ಆದರೆ ಇನ್ನೊಂದು ಮುಖವೂ ಇದೆ, ಮುಚ್ಚಿಡಬಾರದು. ಹರಕೆ ಒಪ್ಪಿಸಲು ಬೆಕ್ಕಿನ ಮಮ್ಮಿ ಬೇಕಿತ್ತು. ಅದಕ್ಕಾಗಿಯೇ ಬೆಕ್ಕು ಸಾಕಿ, ಅವು ಇನ್ನೂ ಮರಿಗಳಾಗಿರುವಾಗಲೇ ಕತ್ತು ಮುರಿದು ಮಮ್ಮಿ ಮಾಡುತ್ತಿದ್ದರು. ಎಕ್ಸ್‌ರೇ ತೆಗೆದಾಗ ಇದು ಗೊತ್ತಾಯಿತು. ಮ್ಯಾಂಚೆಸ್ಟರ್‌ನ ವಿದ್ವಾಂಸರು ನೂರಾರು ಪ್ರಾಣಿ ಮಮ್ಮಿಗಳನ್ನು ಸ್ಕ್ಯಾನ್ ಮಾಡಿ ನೋಡಿದರೆ ಸುಮಾರು ಮೂರರಲ್ಲಿ ಒಂದರೊಳಗೆ ಪ್ರಾಣಿಯೇ ಇರಲಿಲ್ಲ. ಮಣ್ಣು, ಕಡ್ಡಿ, ಗೂಡಿನ ಚೂರು ಇತ್ತು. ಅದನ್ನು ಮೋಸ ಅಂತ ತಕ್ಷಣ ಹೇಳಲಾಗದು. ಪ್ರಾಣಿಯ ಜೊತೆಗಿದ್ದ ವಸ್ತುವಿಗೂ ಪವಿತ್ರತೆ ಇರುತ್ತದೆ ಎಂದು ಭಕ್ತರು ನಂಬಿರಬಹುದು. 1890ರಲ್ಲಿ ಸುಮಾರು 19 ಟನ್ ಬೆಕ್ಕಿನ ಮಮ್ಮಿಗಳನ್ನು ಲಿವರ್‌ಪೂಲ್‌ಗೆ ಸಾಗಿಸಿ ಗೊಬ್ಬರಕ್ಕೆ ಹರಾಜು ಹಾಕಿದರು. ಓದಿದಾಗ ಹೊಟ್ಟೆ ತೊಳಸಿದಂತಾಯಿತು. ಒಂದೊಂದು ಪೊಟ್ಟಣವೂ ಯಾರದ್ದೋ ಹರಕೆ.

ಫೇರೋ, ಅಂದರೆ ಈಜಿಪ್ಟಿನ ಅರಸ, ದೇವರೇ?

ಗಾದಿಯಲ್ಲಿ ಕೂತಿರುವ ತನಕ ಹೋರಸ್, ಸತ್ತ ಮೇಲೆ ಒಸಿರಿಸ್. ದೇವರೆನಿಸುವುದು ಗಾದಿ, ಅದರಲ್ಲಿ ಕೂತವನು ಮನುಷ್ಯನೇ ಎಂದು ಜನರಿಗೆ ಗೊತ್ತಿತ್ತು. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ದೇರ್ ಎಲ್-ಮದೀನಾದ ಕೆಲಸಗಾರರಿಗೆ ಕೂಲಿ ಧಾನ್ಯ ಬರಲಿಲ್ಲ. ಹಸಿದಿದ್ದೇವೆ ಎಂದು ಕೆಲಸ ನಿಲ್ಲಿಸಿ, ಸತ್ತ ಅರಸರ ದೇವಸ್ಥಾನಗಳ ಹಿಂದೆ ಹೋಗಿ ಕೂತರು. ಬರಹದಲ್ಲಿ ಉಳಿದಿರುವ ಮೊದಲ ಮುಷ್ಕರ ಇದೇ ಎನ್ನುತ್ತಾರೆ.

ಅಖೆನಾತೆನ್ ಒಬ್ಬನೇ ದೇವರು ಅಂದನಲ್ಲ, ಅದೇನು?

ಕ್ರಿ.ಪೂ. 14ನೇ ಶತಮಾನ. ನಾಲ್ಕನೇ ಅಮೆನ್‌ಹೊತೆಪ್ ತನ್ನ ಹೆಸರನ್ನೇ ಅಖೆನಾತೆನ್ ಎಂದು ಬದಲಿಸಿದ. ಆತೆನ್ ಅಂದರೆ ಸೂರ್ಯನ ಬಿಂಬ. ಅಮರ್ನಾದಲ್ಲಿ ಹೊಸ ರಾಜಧಾನಿ ಕಟ್ಟಿದ. ಅಮುನ್ ಹೆಸರು ಎಲ್ಲಿ ಕಂಡರೂ ಉಳಿಯಿಂದ ಕೆತ್ತಿಸಿ ತೆಗೆಸಿದ. ಅವನ ಆಳ್ವಿಕೆ 17 ವರ್ಷ. ಮುಂದೆ ಬಂದ ಹುಡುಗ ಅರಸ ತುತನ್‌ಖಾತೆನ್ ತನ್ನ ಹೆಸರನ್ನು ತುತನ್‌ಖಾಮುನ್ ಎಂದು ತಿದ್ದಿಕೊಂಡ. 1922ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್‌ಗೆ ಸಿಕ್ಕ ಗೋರಿ ಇವನದ್ದೇ. ಇವನ ಕಾಲದ ಶಾಸನ ಹಿಂದಿನ ದಿನಗಳ ಬಗ್ಗೆ ಹೇಳುವುದು ಹೀಗೆ: ದೇವಸ್ಥಾನಗಳಲ್ಲಿ ಕಳೆ ಬೆಳೆದಿತ್ತು, ಕರೆದರೆ ದೇವರು ಬರುತ್ತಿರಲಿಲ್ಲ.

ಅಖೆನಾತೆನ್ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನ್ನ ಮನಸ್ಸು ಹಿಡಿದದ್ದು ಬೇರೆ ಒಂದು ಸಂಗತಿ. ಅಮರ್ನಾದ ಕೆಲಸಗಾರರ ಮನೆಗಳನ್ನು ಅಗೆದಾಗ ಬೆಸ್ ಮತ್ತು ತಾವೆರೆತ್ ಸಿಕ್ಕರು. ಅರಸನ ಕಣ್ಣೆದುರೇ ಹೆಂಗಸರು ಅವರ ತಾಯತ ಕಟ್ಟಿಕೊಂಡಿದ್ದರು. ಹೆರಿಗೆ ಹೊತ್ತಿಗೆ ಸೂರ್ಯಬಿಂಬ ಬಂದು ಕೈ ಹಿಡಿಯುವುದಿಲ್ಲವಲ್ಲ.

ನಮ್ಮ ದೇವರುಗಳಿಗೂ ಇವರಿಗೂ ಸಂಬಂಧ ಇದೆಯಾ? ರಾ ಅಂದರೆ ರಾಮ ಅಂತಾರಲ್ಲ?

ಅದು ಸುಮ್ನೆ ಹೆಸರಿನ ಹೋಲಿಕೆ. ರಾಮ್ಸೆಸ್ ಅಂದರೆ ‘ರಾ ಇವನಿಗೆ ಜನ್ಮ ಕೊಟ್ಟ’ ಎಂದರ್ಥ. ರಾಮನ ಹೆಸರಿಗೂ ಇದಕ್ಕೂ ನಂಟಿಲ್ಲ. ಆದರೆ ನಿಜವಾದ ನಂಟುಗಳಿವೆ.

ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಎಂಬ ಹಳೇ ಬಂದರು. ಅಲ್ಲಿನ ಸೆರಾಪಿಸ್ ದೇವಸ್ಥಾನದ ಅಂಗಳದಲ್ಲಿ ಭಾರತದಲ್ಲಿ ಮಾಡಿದ ಒಂದು ದೊಡ್ಡ ಮಡಕೆ ಸಿಕ್ಕಿತು. ಅದರ ತುಂಬ ಕರಿಮೆಣಸು, ಏಳೂವರೆ ಕಿಲೋ. ಕ್ರಿ.ಶ. 1ನೇ ಶತಮಾನದ್ದು. ಸೆರಾಪಿಸ್ ಅಂದರೆ ಒಸಿರಿಸ್ ಮತ್ತು ಆಪಿಸ್ ಎಂಬ ಪವಿತ್ರ ಹೋರಿ ಸೇರಿ ಆದ ದೇವರು. ನಮ್ಮ ಘಟ್ಟದ ಮೆಣಸು ಅವನ ಅಂಗಳದಲ್ಲಿತ್ತು.

ಇನ್ನೊಂದು ಕನ್ನಡಿಗರಿಗೆ ಹತ್ತಿರದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ಗುಡ್ಡೆಗಳಲ್ಲಿ ಸಾವಿರಾರು ಪಪೈರಸ್ ಚೂರುಗಳು ಸಿಕ್ಕವು. ಅದರಲ್ಲಿ ಒಂದು ಗ್ರೀಕ್ ಪ್ರಹಸನ, 1903ರಲ್ಲಿ ಅಚ್ಚಾಯಿತು. ಖರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸಿಕ್ಕಿಕೊಂಡಿರುತ್ತಾಳೆ. ಅಲ್ಲಿನ ಅರಸ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಹೇಳಿದರು. ನಮ್ಮ ಎಂ. ಗೋವಿಂದ ಪೈ ಅವರೂ ಇದರ ಬೆನ್ನು ಹತ್ತಿದರು. ತುಳು ಎನ್ನುವವರಿದ್ದಾರೆ, ಸುಮ್ಮನೆ ನಗಿಸಲು ಮಾಡಿದ ಗದ್ದಲ ಎನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ. ಆಕ್ಸಿರಿಂಕಸ್ ಎನ್ನುವುದು ನೈಲ್‌ನ ಒಂದು ಚೂಪು ಮೂತಿಯ ಮೀನಿನ ಹೆಸರು. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಪ್ರಕಾರ, ಒಸಿರಿಸ್‌ನ ತುಂಡುಗಳಲ್ಲಿ ಐಸಿಸ್‌ಗೆ ಸಿಗದೇ ಹೋದ ಒಂದನ್ನು ತಿಂದ ಮೀನುಗಳಲ್ಲಿ ಅದೂ ಒಂದು. ಊರವರಿಗೆ ಆ ಮೀನು ದೇವರ ಸಮಾನ. ಪಕ್ಕದ ಊರಿನವರು ಅದನ್ನು ತಿಂದರು ಅಂತ ದೊಡ್ಡ ಹೊಡೆದಾಟವೇ ಆಗಿತ್ತಂತೆ.

ಭಾರತದಲ್ಲಿ ಎಲ್ಲಾದರೂ ನೋಡಬಹುದಾ?

ಮಮ್ಮಿಗಳಿವೆ. ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ಮ್ಯೂಸಿಯಂ ನಮಗೆ ಹತ್ತಿರ. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ, ಜೈಪುರದ ಆಲ್ಬರ್ಟ್ ಹಾಲ್‌ಗಳಲ್ಲೂ ಇವೆ. ಹೋದಾಗ ಮಮ್ಮಿಯ ಮುಖ ನೋಡಿ ಹೊರಟುಬಿಡಬೇಡಿ. ಹೊದಿಕೆಯ ಮೇಲಿನ ಚಿತ್ರಗಳನ್ನು ನಿಧಾನವಾಗಿ ನೋಡಿ. ರೆಕ್ಕೆ ಚಾಚಿದ ನುತ್, ನರಿ ತಲೆಯ ಅನೂಬಿಸ್ ಸಿಗಬಹುದು.

ಪೂಜೆ ಯಾವಾಗ ನಿಂತಿತು? ಈಗ ಏನಾದರೂ ಉಳಿದಿದೆಯಾ?

ನಾಲ್ಕನೇ ಶತಮಾನದ ಕೊನೆಗೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೇ ಪೂಜೆಗಳನ್ನು ನಿಷೇಧಿಸಿದ. ದೇಶದ ದಕ್ಷಿಣದ ಅಂಚಿನಲ್ಲಿ ಫಿಲೈ ದ್ವೀಪದ ಐಸಿಸ್ ಗುಡಿಯಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಅಲ್ಲಿ ಕ್ರಿ.ಶ. 394ರ ಆಗಸ್ಟ್ 24ರಂದು ನೆಸ್ಮೆತೆರಾಖೆಮ್ ಎಂಬ ಪೂಜಾರಿ ಗೋಡೆಯಲ್ಲಿ ದೇವರ ಚಿತ್ರ ಬಿಡಿಸಿ, ಪಕ್ಕದಲ್ಲಿ ತನ್ನ ಹೆಸರು, ಅಪ್ಪನ ಹೆಸರು ಕೆತ್ತಿದ. ‘ಎಂದೆಂದಿಗೂ’ ಎಂದು ಸೇರಿಸಿದ. ತಾರೀಖು ಇರುವ ಚಿತ್ರಲಿಪಿ ಬರಹಗಳಲ್ಲಿ ಅದೇ ಕೊನೆಯದು. ಆ ಗುಡಿಯನ್ನು ಜಸ್ಟಿನಿಯನ್ ಚಕ್ರವರ್ತಿ ಆರನೇ ಶತಮಾನದಲ್ಲಿ ಮುಚ್ಚಿಸಿದ. ಅಲ್ಲಿಂದ 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ ಲಿಪಿಯ ಗುಟ್ಟು ಬಿಡಿಸುವ ತನಕ ಆ ಗೋಡೆಗಳನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ.

ಉಳಿದಿರುವುದು ತಿಂಗಳುಗಳ ಹೆಸರಲ್ಲಿ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು, ಅವರ ಜೊತೆಗೆ ಹಳ್ಳಿಯ ಮುಸ್ಲಿಂ ರೈತರು ಕೂಡ ಬೇಸಾಯಕ್ಕೆ ಹಳೇ ಪಂಚಾಂಗವನ್ನೇ ನೋಡುತ್ತಾರೆ. ಮೊದಲ ತಿಂಗಳು ತೂತ್, ಥೋತ್ ದೇವರದ್ದು. ನವೆಂಬರ್ 10ರ ಸುಮಾರಿಗೆ ಶುರುವಾಗುವುದು ಹತೂರ್, ಹಥೋರ್ ದೇವಿಯದ್ದು. ಅದು ಗೋಧಿ ಬಿತ್ತುವ ಕಾಲ. ಆಗ ಅವರು ಹೇಳುವ ಗಾದೆ: ‘ಹತೂರ್, ಚೆಲ್ಲಿದ ಚಿನ್ನದ ಅಪ್ಪ.’